ಸಹಾಯ ಬೇಕು: ಡಿಎಚ್36 ಬದಲು ಎಸ್355ಜೆ2 ಪ್ಲೇಟ್ ನಡೆಯುತ್ತಾ?

ನಮಸ್ಕಾರ. ಮಂಗಳೂರಿನಲ್ಲಿ ಒಂದು ಬಾರ್ಜಿನ ಕ್ರೇನ್ ಪೀಠಕ್ಕೆ 25 ಮಿ.ಮೀ. ಪ್ಲೇಟ್ ಬೇಕಾಗಿದೆ. ಡ್ರಾಯಿಂಗಿನಲ್ಲಿ ಡಿಎಚ್36 (ಹಡಗು ಕಟ್ಟುವ ಉಕ್ಕಿನ ಒಂದು ಗ್ರೇಡ್) ಅಂತಿದೆ. ಸಪ್ಲೈಯರ್ ಮಾತ್ರ "ಎಸ್355ಜೆ2 ತಗೊಳ್ಳಿ, ಎರಡೂ ಒಂದೇ" ಅನ್ನುತ್ತಿದ್ದಾರೆ; ಅದು ಸಾಮಾನ್ಯ ಸ್ಟ್ರಕ್ಚರಲ್ ಉಕ್ಕು.

ಯೀಲ್ಡ್ (ಉಕ್ಕು ಶಾಶ್ವತವಾಗಿ ಬಾಗಲು ಶುರುವಾಗುವ ಒತ್ತಡ) ನೋಡಿದರೆ ಹೌದು. ಡಿಎಚ್36ಕ್ಕೆ 355 ಎಂಪಿಎ (ಮೆಗಾಪ್ಯಾಸ್ಕಲ್), ಎಸ್355ಕ್ಕೆ ಈ ದಪ್ಪದಲ್ಲಿ 345. ಸುಮಾರು ಒಂದೇ ಅಲ್ವಾ? ಆದರೆ ಚಾರ್ಪಿ ಪರೀಕ್ಷೆಯಲ್ಲಿ (ಉಕ್ಕು ಹೊಡೆತವನ್ನು ಎಷ್ಟು ತಡೆಯುತ್ತೆ ಅಂತ ನೋಡುವುದು) ಮೈನಸ್ 20 ಡಿಗ್ರಿಗೆ ಡಿಎಚ್36 ಪ್ಲೇಟಿನ ಉದ್ದದ ದಿಕ್ಕಿನಲ್ಲಿ 34 ಜೂಲ್ ತಡೆಯಬೇಕು, ಜೆ2ಗೆ 27 ಸಾಕು. ಜೊತೆಗೆ ಡಿಎಚ್36ಕ್ಕೆ ಕ್ಲಾಸ್ ಸೊಸೈಟಿಯ (ಹಡಗುಗಳನ್ನು ಪರಿಶೀಲಿಸಿ ಪ್ರಮಾಣೀಕರಿಸುವ ಸಂಸ್ಥೆ) ಸರ್ಟಿಫಿಕೇಟ್ ಕೂಡ ಬೇಕು.

ಹಡಗು ಉಕ್ಕಿನದೇ ಇನ್ನೊಂದು ಗ್ರೇಡ್ ಎಎಚ್36 ಸುಲಭವಾಗಿ ಸಿಗುತ್ತಿದೆ, ಆದರೆ ಅದರ ಪರೀಕ್ಷೆ 0 ಡಿಗ್ರಿಯಲ್ಲಿ. ನಮ್ಮ ಕಡಲಿನ ಸೆಖೆಗೆ ಅಷ್ಟು ಸಾಕು ಅನ್ನಿಸುತ್ತೆ, ಆದರೆ ಸುಮ್ನೆ ಬದಲಿಸಲು ಧೈರ್ಯವಿಲ್ಲ.

ಇಂಥ ಬದಲಾವಣೆಗೆ ಕ್ಲಾಸ್ ಸೊಸೈಟಿಯ ಸರ್ವೇಯರ್ ಒಪ್ಪಿಗೆ ಪಡೆದವರು ಯಾರಾದರೂ ಇದ್ದೀರಾ? ಪ್ಲೇಟಿನ ಮೇಲೆ ಮತ್ತೆ ಚಾರ್ಪಿ ಮಾಡಿಸಿದರೆ ಒಪ್ಪುತ್ತಾರಾ?