ಬಾತಿನ ಕಾನ್ಫಿಗೆ ಯಾವ ವೈನ್? ಶನಿವಾರ ಮನೆಗೆ ಜನ ಬರುತ್ತಿದ್ದಾರೆ

ಶುಭಾ_ಟುಲೂಸ್:
ಎಲ್ಲರಿಗೂ ನಮಸ್ಕಾರ. ಶನಿವಾರ ನಮ್ಮ ಯಜಮಾನರ ಆಫೀಸಿನವರು ಊಟಕ್ಕೆ ಬರುತ್ತಿದ್ದಾರೆ. ಅದರಲ್ಲಿ ಇಬ್ಬರು ಇದೇ ಟುಲೂಸಿನವರು, ಅದೇ ಭಯ. ವಿಕ್ಟರ್ ಹ್ಯೂಗೋ ಮಾರ್ಕೆಟ್ಟಿನಿಂದ ಬಾತುಕೋಳಿ ಕಾಲಿನ ಕಾನ್ಫಿ, ಅಂದರೆ ಅದರ ಕೊಬ್ಬಿನಲ್ಲೇ ಬೇಯಿಸಿದ್ದು, ತಂದಿಟ್ಟಿದ್ದೇನೆ. ಅದರ ಕೊಬ್ಬಿನಲ್ಲೇ ಆಲೂಗಡ್ಡೆ ಹುರಿಯುವ ಯೋಚನೆ. ಜೊತೆಗೆ ಮಾಗ್ರೆ, ಅಂದರೆ ಎದೆಯ ಭಾಗ, ಅಂಜೂರದ ಸಾಸ್ ಹಾಕಿ. ಎರಡೂ ಜಿಡ್ಡೋ ಜಿಡ್ಡು. ಮನೆಯಲ್ಲಿ ಯಾರೋ ಕೊಟ್ಟ ಬೋರ್ಡೋ ವೈನ್ ಒಂದು ಬಾಟಲಿ ಇದೆ. ಅದೇ ಸಾಕಾ? ಹೊಸದು ತಂದರೂ 15 ಯೂರೋ ದಾಟೋ ಮನಸ್ಸಿಲ್ಲ. ನನಗೆ ವೈನ್ ಅಷ್ಟಾಗಿ ಗೊತ್ತಿಲ್ಲ, ಬಿಡಿಸಿ ಹೇಳಿ.

ಅಡಿಕೆತೋಟ:
ಟುಲೂಸಿನಲ್ಲಿ ಕೂತು ಬಾತಿಗೆ ಬೋರ್ಡೋ ಯಾಕೆ ಮೇಡಂ? ನಾನಿರೋದು ಪೋ ಊರಿನಲ್ಲಿ, ಮಾದಿರಾನ್ ಅನ್ನೋ ಕೆಂಪು ವೈನಿನ ದ್ರಾಕ್ಷಿ ತೋಟಗಳು ಇಲ್ಲೇ ಹತ್ತಿರ. ಕಾನ್ಫಿ ಅಂದರೆ ಇಲ್ಲಿನವರು ಎರಡನೇ ಮಾತಿಲ್ಲದೆ ಮಾದಿರಾನ್ ತೆಗೆಯುತ್ತಾರೆ.

ಕಾನ್ಫಿಗೆ ಉಪ್ಪು ಹಚ್ಚಿ ರಾತ್ರಿಯೆಲ್ಲ ಇಟ್ಟು, ಆಮೇಲೆ ಬಾತಿನ ಕೊಬ್ಬಿನಲ್ಲೇ ಮುಳುಗಿಸಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿರುತ್ತಾರೆ. ನಾಲ್ಕು ತುತ್ತು ತಿನ್ನುವಷ್ಟರಲ್ಲಿ ನಾಲಿಗೆಗೆ ಜಿಡ್ಡು ಹತ್ತಿಬಿಡುತ್ತದೆ. ಅದನ್ನು ಬಿಡಿಸೋಕೆ ಹುಳಿಯೂ ಬೇಕು, ಒಗರೂ ಬೇಕು. ಮಾದಿರಾನಿನ ಮುಖ್ಯ ದ್ರಾಕ್ಷಿಯ ಹೆಸರು ‘ತಾನಾ’ (Tannat). ಬರೀ ವೈನ್ ಕುಡಿದರೆ ಎಳೆ ಅಡಿಕೆ ಅಗಿದ ಹಾಗೆ ಒಸಡೆಲ್ಲ ಹಿಡಿದುಕೊಳ್ಳುತ್ತದೆ. ಒಂದು ತುಂಡು ಬಾತು ತಿಂದು ಮತ್ತೆ ಗುಟುಕರಿಸಿ, ಅದೇ ವೈನ್ ಮೆತ್ತಗಾಗಿರುತ್ತದೆ. ಮಾಂಸ, ಉಪ್ಪು ಎರಡೂ ಸೇರಿ ಒಗರನ್ನು ತಗ್ಗಿಸುತ್ತವೆ.

ತೀರಾ ಹೊಸ ಬಾಟಲಿ ಬೇಡ. ಐದಾರು ವರ್ಷದ ಹಿಂದಿನದು ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ಊಟಕ್ಕೆ ಎರಡು ಗಂಟೆ ಮೊದಲೇ ಜಗ್ಗಿಗೆ ಬಗ್ಗಿಸಿಡಿ. ಸುಮ್ನೆ ಕಾರ್ಕ್ ತೆಗೆದಿಟ್ಟರೆ ಪ್ರಯೋಜನ ಇಲ್ಲ, ಆ ಸಣ್ಣ ಕುತ್ತಿಗೆಯಲ್ಲಿ ಎಷ್ಟು ಗಾಳಿ ಹೋದೀತು?

ಅಂಜೂರದ ಸಾಸ್ ಮಾತ್ರ ಬೇರೆ ಲೆಕ್ಕ. ಸಿಹಿ ತಿಂದು ಮಾದಿರಾನ್ ಕುಡಿದರೆ ಕಹಿ ಅನ್ನಿಸುತ್ತದೆ.

ಗರೋನ್_ದಂಡೆ:
ಮಾದಿರಾನ್ ಎಲ್ಲರಿಗೂ ಒಗ್ಗಲ್ಲ ಗುರುಗಳೇ. ಅತಿಥಿಗಳಲ್ಲಿ ಬೆಂಗಳೂರಿನವರೂ ಇದ್ದರೆ ಮೊದಲ ಗುಟುಕಿಗೇ ಮುಖ ಕಿವುಚುತ್ತಾರೆ. ಟುಲೂಸಿನ ಉತ್ತರಕ್ಕೇ ಫ್ರೊಂತೊನ್ ಅನ್ನೋ ಕೆಂಪು ವೈನ್ ಇದೆಯಲ್ಲ, ನೆಗ್ರೆತ್ ದ್ರಾಕ್ಷಿಯದು. ಹೂವಿನ ಘಮ, ಒಗರು ಕಮ್ಮಿ, ದುಡ್ಡೂ ಕಮ್ಮಿ. ನನ್ನ ಪಕ್ಕದ ಮನೆಯ ಅಜ್ಜಿ ಕಾಸುಲೆ (ಬಿಳಿ ಬೀನ್ಸ್, ಮಾಂಸ ಹಾಕಿ ಬೇಯಿಸೋ ಅಡುಗೆ) ಮಾಡಿದಾಗಲೂ ಅದನ್ನೇ ಸುರಿಯೋದು. ಇವೆರಡರ ನಡುವಿನದು ಬೇಕಿದ್ದರೆ ಕಾವೊರ್ ವೈನ್. ಅದರಲ್ಲಿ ಮಾಲ್ಬೆಕ್ ದ್ರಾಕ್ಷಿ ಜಾಸ್ತಿ.

ಅಡಿಕೆತೋಟ:
ಫ್ರೊಂತೊನ್ ಕಾಸುಲೆಗೆ ಸರಿ, ಅಲ್ಲಿ ಬೀನ್ಸಿನ ಹಿಟ್ಟಿನಂಶ ಜಿಡ್ಡು ಎಳೆದುಕೊಳ್ಳುತ್ತದೆ. ಬರೀ ಕಾನ್ಫಿಗೆ ಸಪ್ಪೆ ಅಂತಲೇ ನಾನು ಹೇಳೋದು.

ಕುಡ್ಲದ_ಬಾಣಸಿಗ:
ಮೇಡಂ, ನಮ್ಮವರು ಬರುತ್ತಾರೆ ಅಂತ ಮೆಣಸು, ಖಾರದಪುಡಿ ಹಾಕೋ ಯೋಚನೆ ಇದ್ದರೆ ಇವರಿಬ್ಬರ ಮಾತೂ ಬಿಡಿ. ಒಗರಿನ ವೈನ್ ಖಾರವನ್ನು ಇನ್ನೂ ಏರಿಸುತ್ತದೆ. ಜರ್ಮನಿಯ ರೀಸ್ಲಿಂಗ್ ಬಿಳಿ ವೈನ್ ತನ್ನಿ, ಲೇಬಲ್ಲಿನಲ್ಲಿ ಕಾಬಿನೆಟ್ (ಹಗುರ ಬಗೆ) ಅಂತಿರಲಿ, ಟ್ರೊಕನ್ (ಸಿಹಿ ಇಲ್ಲದ್ದು) ಅಂತಿರಬಾರದು. ತುಸು ಸಿಹಿ, ಒಳ್ಳೆ ಹುಳಿ. ಚೆನ್ನಾಗಿ ತಣ್ಣಗೆ ಮಾಡಿ ಕೊಡಿ.

ಶುಭಾ_ಟುಲೂಸ್:
ಖಾರ ಹಾಕಲ್ಲ, ಆ ಇಬ್ಬರು ಊರಿನವರು ನನ್ನನ್ನು ಕ್ಷಮಿಸಲ್ಲ! ಕಾನ್ಫಿಗೆ ಮಾದಿರಾನ್ ತರುತ್ತೇನೆ. ಕೆಂಪು ವೈನನ್ನು ಫ್ರಿಜ್ಜಿನಲ್ಲಿ ಇಡಬಹುದಾ? ಮನೆಯೊಳಗೆ ಸೆಕೆ. ಬೋರ್ಡೋ ಬಾಟಲಿ ಈಗ ನೋಡಿದೆ, ಸೇಂತ್ ಎಮಿಲಿಯೋನ್ ಅಂತ ಬರೆದಿದೆ.

ಅಡಿಕೆತೋಟ:
ಮೊದಲೇ ಹೇಳಬಾರದಾ! ಅಲ್ಲಿ ಮೆರ್ಲೋ ದ್ರಾಕ್ಷಿ ಜಾಸ್ತಿ, ವೈನ್ ಮೆದು. ಮಾಗ್ರೆಗೆ ಅದನ್ನೇ ಇಡಿ. ಸಾಸಿಗೆ ಜೇನು ಸುರಿಯಬೇಡಿ, ಕೊನೆಗೆ ಒಂದು ಚಮಚ ವಿನೆಗರ್ ಹಾಕಿ. ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತು ಇಡಿ, 16–17 ಡಿಗ್ರಿಗೆ ಬಂದರೆ ಸಾಕು. ಮಾದಿರಾನ್ ಜಾಸ್ತಿ ತಣ್ಣಗಾದರೆ ಒಗರು ಇನ್ನೂ ಎದ್ದು ಕಾಣುತ್ತದೆ.