ಕೆಎ 15 ಮೊದಲು ನೋಡಿದ್ದು ಯಾರು?

ನಮ್ಮ 'ಹಳೇಮನೆ ಬಳಗ' ಗುಂಪಲ್ಲಿ 31 ಜನ. ಸಾಗರದ ಮಾರಿಜಾತ್ರೆಗೆ ಬೆಂಗಳೂರಿಂದ ಮೂರು ಕಾರು ಹೊರಡೋ ಹಿಂದಿನ ರಾತ್ರಿಯ ಕಥೆ ಇದು. ಹೆಸರು ಬದಲಾಯಿಸಿದೀನಿ, ಜಗಳ ಹಾಗೇ ಇದೆ.

ರೇಖತ್ತೆ: *ಪಾಲಕರೇ ಎಚ್ಚರ!!* 🙏🙏 ಓಡುವ ಕಾರಿನಲ್ಲಿ ಮೊಬೈಲ್ ನೋಡುವ ಮಕ್ಕಳ ಕಣ್ಣಿನ ನರ ಒಣಗುತ್ತದೆ ಎಂದು ವಿದೇಶಿ ವೈದ್ಯರ ಎಚ್ಚರಿಕೆ. ಮಕ್ಕಳನ್ನು ಖುಷಿಯಾಗಿಡಲು 5 ಉಪಾಯ. 1. ಒಗಟು ಕೇಳಿ. 2. ನಂಬರ್ ಪ್ಲೇಟ್ ಆಟ ಆಡಿಸಿ. 3. ಅಂತ್ಯಾಕ್ಷರಿ. 4. ದಾರಿಯ ಊರುಗಳ ಕಥೆ ಹೇಳಿ...

(ಅದರ ಕೆಳಗೆ 'ಇನ್ನಷ್ಟು ಓದಿ' ಅಂತಿತ್ತು. ಯಾರೂ ಒತ್ತಲಿಲ್ಲ. ನಾನೂ.)

ರೇಖತ್ತೆ: ಯಾರಿಗೂ ಅಂತ ಹಾಕಿದ್ದಲ್ಲ. ಎಲ್ಲರಿಗೂ ಉಪಯೋಗ ಆಗ್ಲಿ ಅಂತ.

ಚೈತ್ರ: ಅತ್ತೆ, ಈ ಗುಂಪಲ್ಲಿ ನಾಲ್ಕು ವರ್ಷದ ಮಗು ಇರೋದು ನನಗೊಬ್ಬಳಿಗೇ.

ಸುಬ್ಬಣ್ಣ ಮಾವ: ಬಹಳ ಅರ್ಥಪೂರ್ಣ ಸಂದೇಶ 👌 ನಮ್ಮ ಕಾಲದಲ್ಲಿ ಮಕ್ಕಳು ಕಿಟಕಿಯಿಂದ ಹೊರಗೆ ನೋಡುತ್ತಾ ಗದ್ದೆ ಯಾವುದು, ತೋಟ ಯಾವುದು ಎಂದು ಕಲಿಯುತ್ತಿದ್ದವು. ಈಗ ಸಂಸ್ಕಾರ ಎಲ್ಲಿದೆ?

ಪ್ರಶಾಂತ: ಅಮ್ಮಾ, ಯಾವ ವೈದ್ಯರು? ಯಾವ ದೇಶ? ಒಣಗಕ್ಕೆ ಕಣ್ಣಿನ ನರ ಏನು ಹಪ್ಪಳನಾ?

ರೇಖತ್ತೆ: ಪಕ್ಕದ ರೂಮಲ್ಲೇ ಇದೀಯಲ್ಲ, ಎದ್ದು ಬಂದು ಕೇಳು. ಎಲ್ಲರೆದುರು ಮರ್ಯಾದೆ ತೆಗೀಬೇಡ.

ಪ್ರಶಾಂತ: ಹಾಕಿದ್ದು ಎಲ್ಲರೆದುರೇ ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟೇ: 2ರಿಂದ 4 ವರ್ಷದ ಮಕ್ಕಳಿಗೆ ಪರದೆ ದಿನಕ್ಕೆ 1 ಗಂಟೆ ಮೀರಬಾರದು, ಕಮ್ಮಿ ಆದಷ್ಟೂ ಒಳ್ಳೇದು. ಕಾರಲ್ಲಿ ಮೊಬೈಲ್ ನೋಡಿದ್ರೆ ನರ ಒಣಗಲ್ಲ, ವಾಂತಿ ಬರಬಹುದು. ಒಳಕಿವಿ 'ಓಡ್ತಿದೀವಿ' ಅನ್ನತ್ತೆ, ಕಣ್ಣು 'ಕೂತಿದೀವಿ' ಅನ್ನತ್ತೆ. ಯಾರ ಮಾತು ಕೇಳ್ಬೇಕು ಅಂತ ಮಿದುಳಿಗೆ ತಿಳಿಯಲ್ಲ. ಮುಂದಿನ ಗಾಜಲ್ಲಿ ದೂರದ ರಸ್ತೆ ನೋಡಿಸಿದ್ರೆ ಸುಮಾರು ತಡೆಯತ್ತೆ.

ಸುಬ್ಬಣ್ಣ ಮಾವ: ನಾನು ಹೇಳಿದ್ದೂ ಅದನ್ನೇ. ಹೊರಗೆ ನೋಡಬೇಕು.

ಪ್ರಶಾಂತ: ನೀವು ಸಂಸ್ಕಾರ ಅಂದ್ರಿ ಅಪ್ಪಾ. ಕಿವಿ ಅನ್ನಲಿಲ್ಲ.

ಗಿರೀಶ: ವಾಂತಿ ಅಂದ್ಕೂಡ್ಲೇ 2004 ನೆನಪಾಯ್ತು 😂😂 ಮಾವನ ಓಮ್ನಿ! 8 ಸೀಟು, 11 ಜನ. ಪೇಪರ್ ಮೇಲೆ ಕೂತ್ರೆ ವಾಂತಿ ಬರಲ್ಲ ಅಂತ ಅಜ್ಜಿ ಎಲ್ಲರ ಕೆಳಗೂ ಹಳೇ ಪೇಪರ್ ಹಾಸಿದ್ದು, ಕೈಗೊಂದು ನಿಂಬೆಹಣ್ಣು. ಅದನ್ನ ಮೂಸಿ ಮೂಸಿ ನನಗೆ ಇವತ್ತಿಗೂ ಚಿತ್ರಾನ್ನ ಅಂದ್ರೆ ಅರಸೀಕೆರೆ ರಸ್ತೆ ನೆನಪಾಗತ್ತೆ. ಡಿಕ್ಕೀಲಿ ಹಾಸಿಗೆ ಸುರುಳಿ ಮೇಲೆ ನಾವು ಮೂರು ಜನ. ಏನು ಮಜಾ ಮಾರಾಯ.

ಪ್ರಶಾಂತ: ಈಗ ಹಾಗೆ ಕೂರಿಸಿದ್ರೆ ದಂಡ. 2019ರ ತಿದ್ದುಪಡಿ ಪ್ರಕಾರ 14 ವರ್ಷದೊಳಗಿನವರಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದಿದ್ರೆ 1000 ರೂಪಾಯಿ.

ಗಿರೀಶ: ನೆನಪಿಗೂ ಚಲನ್ ಹರೀತೀಯಲ್ಲೋ ಪ್ರಶಾಂತಣ್ಣ. ನಂಬರ್ ಪ್ಲೇಟ್ ಆಟ ಕೇಳಿ. ತುಮಕೂರಲ್ಲಿ ಕೆಎ 06, ಅರಸೀಕೆರೆ ಹತ್ರ ಹಾಸನದ 13, ಕಡೂರಲ್ಲಿ 18, ಆಮೇಲೆ ಶಿವಮೊಗ್ಗದ 14. ಸಾಗರದ 15 ಮೊದಲು ಕಂಡವರಿಗೆ ಕಿಟಕಿ ಪಕ್ಕದ ಸೀಟು. ಗೆದ್ದಿದ್ದು ನಾನು 😎

ಚೈತ್ರ: ಸುಳ್ಳು.

ಚೈತ್ರ: ಬೀರೂರು ಗೇಟಲ್ಲಿ ಅಡಿಕೆ ಲಾರಿ. ಕೆಎ 15 ಅಂತ ಕೂಗಿದ್ದು ನಾನು. ನೀನು ನನ್ನ ನೋಡ್ಕೊಂಡು ಕೂಗಿದೆ. ನಿನಗೆ ಕಿಟಕಿ ಕೊಟ್ಟು, ನನ್ನನ್ನ ಹಿಂದಕ್ಕೆ ಮುಖ ಮಾಡಿದ ಸೀಟಿನ ಮಧ್ಯ ಕೂರಿಸಿದ್ದು ಯಾರು ಅಂತ ಈ ಗುಂಪಲ್ಲೇ ಇರೋವ್ರಿಗೆ ಗೊತ್ತು.

ರೇಖತ್ತೆ: ನಾನೇ. ಗಂಡುಮಗು ಹಟ ಮಾಡ್ತಿತ್ತು.

(ಇಲ್ಲಿ ಮೂರು ನಿಮಿಷ ಯಾರೂ ಏನೂ ಬರೀಲಿಲ್ಲ. 'ಟೈಪಿಂಗ್' ಅಂತ ಬರೋದು, ಹೋಗೋದು.)

ಪ್ರಶಾಂತ: ಹಿಂದಕ್ಕೆ ಮುಖ ಮಾಡಿ ಕೂತ್ರೆ ಇನ್ನೂ ಬೇಗ ವಾಂತಿ ಬರತ್ತೆ. ರಸ್ತೆಯ ತಿರುವು ಮೊದಲೇ ಕಾಣಲ್ಲ. ಅಂದ್ರೆ ತಪ್ಪು ಚೈತ್ರಂದಲ್ಲ.

ಚೈತ್ರ: 21 ವರ್ಷ ಆದ್ಮೇಲೆ ತೀರ್ಪು ಬಂತು. ಥ್ಯಾಂಕ್ಸ್.

ಸುಬ್ಬಣ್ಣ ಮಾವ: ಹಳೆಯದನ್ನು ಕೆದಕುವುದು ಬೇಡ. ಮಗುವಿಗೆ ಒಂದು ಒಗಟು ಕೇಳು ಚೈತ್ರಾ. ಅಂಗೈ ಕೊಟ್ಟರೆ ಮುಂಗೈ ನುಂಗುತ್ತದೆ, ಏನು?

(ಚೈತ್ರ ವಾಯ್ಸ್ ಮೆಸೇಜ್ ಹಾಕಿದ್ಲು. ಹಿಂದೆ ಮಿಕ್ಸಿ ಸದ್ದು, ಅದರ ಮಧ್ಯೆ ಪುಟ್ಟ ಕೂಗಿದ್ದು: "ಅಪ್ಪನ ವಾಚು!")

ಸುಬ್ಬಣ್ಣ ಮಾವ: ತಪ್ಪು. ಬಳೆ.

ಪ್ರಶಾಂತ: ಅವನ ಉತ್ತರದಲ್ಲಿ ಏನು ತಪ್ಪಿದೆ? ಸ್ಟೀಲ್ ಬೆಲ್ಟಿನ ವಾಚೂ ಹಾಗೇ ಹೋಗೋದು.

ಸುಬ್ಬಣ್ಣ ಮಾವ: ಒಗಟಿಗೆ ಒಂದೇ ಉತ್ತರ.

ಅನುಷಾ: ಒಂದ್ನಿಮಿಷ, ಯಾರಾದ್ರೂ ಐದನೇದು ಓದಿದ್ರಾ? "5. ಇಷ್ಟಾದರೂ ಮಗು ಹಟ ಮಾಡಿದರೆ ಸ್ವಲ್ಪ ಹೊತ್ತು ಮೊಬೈಲ್ ಕೊಡಬಹುದು." ಅದರ ಕೆಳಗೆ ಕಣ್ಣಿಗೆ ಹಾಕೋ ಯಾವುದೋ ತೈಲದ ಜಾಹೀರಾತು ಇದೆ.

(ಅನುಷಾ ಪಿಯುಸಿ ಹುಡುಗಿ. ಅವಳ ಮೆಸೇಜಿಗೆ ಒಂದು 👍 ಕೂಡ ಬೀಳಲಿಲ್ಲ. ಫಾರ್ವರ್ಡು ಯಾರಿಗೂ ಬೇಕಾಗಿರಲಿಲ್ಲ ಅಷ್ಟೊತ್ತಿಗೆ.)

ರೇಖತ್ತೆ: ಸೀಟ್ ಕವರ್ ವಿಷಯ ಬಂತು ಅಂತ ಹೇಳ್ತೀನಿ. ಹೊಸಾ ಕವರು. ತೊಳಸಕ್ಕೆ 200 ಆಯ್ತು. ಯಾರೂ ಒಂದು ಪೈಸೆ ಕೊಡಲಿಲ್ಲ.

ಚೈತ್ರ: ಸೀಟ್ ಕವರ್ ವಿಷಯ ಯಾರೂ ತೆಗೀಲಿಲ್ಲ ಅತ್ತೆ. ಮತ್ತೆ ದುಡ್ಡು ಅಪ್ಪ ಕೊಟ್ಟಿದ್ರು.

ರೇಖತ್ತೆ: 100 ಕೊಟ್ಟಿರಬಹುದು.

ಗಿರೀಶ: ಅತ್ತೆ, ಆ ಟ್ರಿಪ್ಪಲ್ಲಿ ತಿಪಟೂರಲ್ಲಿ ಎಳನೀರು ಕುಡಿದಿದ್ವಲ್ಲ, ಅದಕ್ಕೆ ಕೊಟ್ಟಿದ್ದು ಯಾರು?

ಪ್ರಶಾಂತ: ಗಿರೀಶ, ನೀನು ಸುಮ್ನಿರು.

(ನಮ್ಮಪ್ಪ ಈ ಗುಂಪಿಗೆ ಸೇರಿ ಆರು ವರ್ಷ ಆಯ್ತು. ಹುಟ್ಟುಹಬ್ಬಕ್ಕೂ ಕೈ ಮುಗಿದವರಲ್ಲ. ಸೋಫಾ ಮೇಲೆ ಕನ್ನಡಕ ಏರಿಸ್ಕೊಂಡು, ಒಂದೇ ಬೆರಳಲ್ಲಿ ಏನೋ ಒತ್ತುತಿದ್ರು. ನಾನು ಕರೆಂಟ್ ಬಿಲ್ ಕಟ್ತಿದಾರೆ ಅಂದ್ಕೊಂಡೆ.)

ಅಪ್ಪ: 150.

(ಅಷ್ಟೇ. ಫೋನ್ ಚಾರ್ಜಿಗೆ ಹಾಕಿ ಮಲಗಕ್ಕೆ ಹೋದ್ರು.)

ಸುಬ್ಬಣ್ಣ ಮಾವ: ಬೆಳಗ್ಗೆ 5ಕ್ಕೆ ಹೊರಡಬೇಕು. ಎಲ್ಲರೂ ಮಲಗಿ. ಶುಭರಾತ್ರಿ 🙏

ರೇಖತ್ತೆ: ಚೈತ್ರಾ, ನಿನ್ನ ಕಾರಲ್ಲಿ ಜಾಗ ಇದ್ಯಾ? ಇವರು ಓಡ್ಸೋ ರೀತಿಗೆ ನನಗೆ ಕಡೂರು ದಾಟೋದ್ರೊಳಗೆ ಹೊಟ್ಟೆ ತೊಳಸತ್ತೆ.

ಚೈತ್ರ: ಇದೆ ಅತ್ತೆ, ಬನ್ನಿ. ಹಿಂದಿನ ಸೀಟಲ್ಲಿ, ಮಧ್ಯ.