ಸಹಾಯ ಬೇಕು: ಐಆರ್‌ಸಿಗೆ ಟಾರ್ ಮೂಲಕ ಬರುವವರನ್ನು ಒಳಗೆ ಬಿಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಕೆಲವರು ಬಿಡುವಿನ ಸಮಯದಲ್ಲಿ ಒಂದು ಚಿಕ್ಕ ಐಆರ್‌ಸಿ (ಅಕ್ಷರದಲ್ಲಿ ಮಾತಾಡುವ ಹಳೇ ಚಾಟ್ ವ್ಯವಸ್ಥೆ) ನೆಟ್‌ವರ್ಕ್ ನಡೆಸುತ್ತಿದ್ದೇವೆ. ಟಾರ್ (ಬಳಸುವವರ ಐಪಿ ವಿಳಾಸ ಮುಚ್ಚಿಡುವ ಜಾಲ) ಬಳಸುವವರಿಗೂ ಜಾಗ ಇರಬೇಕು ಅನ್ನೋದು ನಮ್ಮ ಆಸೆ, ಆದರೆ ಕಿಡಿಗೇಡಿಗಳ ಕಾಟ ಜಾಸ್ತಿಯಾಗಿದೆ.

ತೊಂದರೆ ಏನಂದ್ರೆ, ಒಬ್ಬ ಚಾನೆಲ್‌ಗೆ ಬಂದು ಅಸಹ್ಯ ಸಾಲುಗಳನ್ನು ಸುರಿಯುತ್ತಾನೆ, ಅವನ ಐಪಿಗೆ ಕೆ-ಲೈನ್ (ಸರ್ವರ್ ಮಟ್ಟದ ನಿಷೇಧ) ಹಾಕಿದರೆ ಅದೇ ಎಕ್ಸಿಟ್ ನೋಡ್‌ನಿಂದ (ಟಾರ್ ಜಾಲದಿಂದ ಹೊರಬರುವ ಕೊನೆಯ ಕಂಪ್ಯೂಟರ್) ಬಂದ ಪಾಪದವರೂ ಹೊರಗೆ ಬೀಳುತ್ತಾರೆ, ಅವನು ಮಾತ್ರ ಬೇರೆ ನೋಡ್ ಹಿಡಿದು ಮತ್ತೆ ಹಾಜರ್. ಆನಿಯನ್ ವಿಳಾಸ (ಟಾರ್ ಒಳಗಿಂದಲೇ ಸರ್ವರ್ ತಲುಪುವ ವಿಳಾಸ) ಕೊಟ್ಟು ನೋಡಿದೆವು. ಆಗ ಎಲ್ಲರೂ 127.0.0.1ರಿಂದಲೇ (ಅಂದರೆ ನಮ್ಮ ಸರ್ವರ್‌ನಿಂದಲೇ) ಬಂದ ಹಾಗೆ ಕಾಣುತ್ತಾರೆ, ಐಪಿ ನೋಡಿ ಯಾರನ್ನು ತಡೆಯೋದು?

ಲಿಬೆರಾ ಚಾಟ್ ಅನ್ನೋ ದೊಡ್ಡ ಐಆರ್‌ಸಿ ನೆಟ್‌ವರ್ಕ್‌ನಲ್ಲಿ ಟಾರ್ ಮೂಲಕ ಬರಬೇಕಾದರೆ ಮೊದಲೇ ಖಾತೆ ಇರಬೇಕು, ಎಸ್‌ಎಎಸ್‌ಎಲ್ (ಸೇರುವಾಗಲೇ ಖಾತೆಯ ಗುರುತು ಪರೀಕ್ಷಿಸುವ ವಿಧಾನ) ಲಾಗಿನ್ ಕಡ್ಡಾಯ. ತರಲೆ ಮಾಡಿದರೆ ಖಾತೆಯನ್ನೇ ಮುಚ್ಚಬಹುದು, ಅದು ಸರಿ. ಆದರೆ ಖಾತೆ ತೆರೆಯೋಕೆ ಒಮ್ಮೆ ಟಾರ್ ಇಲ್ಲದೆ ಬನ್ನಿ ಅಂದರೆ, ನಿಜವಾಗಿ ಐಪಿ ಮುಚ್ಚಿಡಬೇಕಾದವರು ಬಾಗಿಲಲ್ಲೇ ಉಳಿಯುತ್ತಾರೆ ಅಲ್ವಾ?

ಗೊತ್ತಿರುವವರು ಹೇಳಿ: ಐಪಿ ಕೇಳದೆ ಹೊಸ ಖಾತೆ ಕೊಡೋದು ಹೇಗೆ? ಹಳೇ ಸದಸ್ಯರ ಕೈಲಿ ಆಹ್ವಾನದ ಟೋಕನ್ ಕೊಡಿಸಿದವರು ಇದ್ದೀರಾ? ಖಾತೆ ತೆರೆಯುವಾಗ ಪ್ರೂಫ್ ಆಫ್ ವರ್ಕ್ (ಸಾಧನದಿಂದ ಒಂದಷ್ಟು ಲೆಕ್ಕ ಮಾಡಿಸುವ ಪರೀಕ್ಷೆ) ಇಟ್ಟರೆ ಹಳೇ ಫೋನ್ ಇರುವವರಿಗೆ ಕಷ್ಟ ಆಗುತ್ತಾ? ಸುಮ್ನೆ ಟಾರ್ ಮುಚ್ಚಿಬಿಡಿ ಅನ್ನಬೇಡಿ, ವಿಪಿಎನ್ ಹಿಡಿದು ಬರುವವರ ಕಾಟವೂ ಕಮ್ಮಿ ಇಲ್ಲ. ನಮ್ಮ ಸರ್ವರ್ ತಂತ್ರಾಂಶ ಸೋಲಾನಮ್, ಖಾತೆಗಳನ್ನು ನೋಡಿಕೊಳ್ಳುವ ಸರ್ವಿಸಸ್ ತಂತ್ರಾಂಶ ಅಥೀಮ್. ಕಾನ್ಫಿಗ್ ತುಣುಕು ಇದ್ದರೆ ಇಲ್ಲೇ ಹಾಕಿ.